ಗುಡಾರ ಬಿಟ್ಟವರು, ಬಟ್ಟಲು ಮುಟ್ಟದವರು

(ಕರಾವಳಿಯ ಸಭೆಯೊಂದರ ಕುಟುಂಬ ಕೂಟದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಭರದಲ್ಲಿ ಬಂದ ಪುನರುಕ್ತಿಗಳನ್ನು ತೆಗೆದಿದ್ದೇನೆ. ಸಮಯ ಸಾಲದೆ ಅಂದು ಕೈಬಿಟ್ಟಿದ್ದ ಕೆಲವು ಸಂಗತಿಗಳನ್ನು ಸೇರಿಸಿದ್ದೇನೆ.)

ಮಾನ್ಯ ಸಭಾಪಾಲಕರೇ, ಸಭಾ ಹಿರಿಯರೇ, ಸಹೋದರ ಸಹೋದರಿಯರೇ,

ಬದಲಾಗುತ್ತಿರುವ ಸಮಾಜದಲ್ಲಿ ಹಳೆಯ ಕ್ರೈಸ್ತ ಮೌಲ್ಯಗಳನ್ನು ಉಳಿಸಿಕೊಳ್ಳುವುದು ಹೇಗೆ ಎಂಬ ವಿಷಯವನ್ನು ಕೊಟ್ಟು ನನ್ನನ್ನು ಇಲ್ಲಿಗೆ ಕರೆದಿದ್ದೀರಿ. ಈ ವಿಷಯ ಕೊಟ್ಟವರು ನನ್ನಿಂದ ಯಾವ ಮಾತನ್ನು ನಿರೀಕ್ಷಿಸಿದ್ದಾರೆ ಎಂದು ಊಹಿಸುವುದು ನನಗೆ ಕಷ್ಟವಾಗಲಿಲ್ಲ. ಯುವಜನರ ಮೊಬೈಲು, ಅವರ ಉಡುಪು, ಆರಾಧನೆಗೆ ತಡವಾಗಿ ಬಂದು ಕೊನೆಯ ಬೆಂಚಿನಲ್ಲಿ ಕೂರುವ ಅವರ ಅಭ್ಯಾಸ, ಇವುಗಳ ಬಗ್ಗೆ ಅರ್ಧ ಗಂಟೆ ಬೈದು ಇಳಿದರೆ ಮುಂದಿನ ಸಾಲಿನವರು ತಲೆದೂಗುತ್ತಾರೆ, ಹಿಂದಿನ ಸಾಲಿನವರು ಆ ಮೊಬೈಲನ್ನೇ ನೋಡುತ್ತಾ ಕೂರುತ್ತಾರೆ, ಎಲ್ಲರೂ ಸಮಾಧಾನದಿಂದ ಊಟಕ್ಕೆ ಏಳುತ್ತಾರೆ. ಅಂಥ ಉಪನ್ಯಾಸಗಳನ್ನು ನಾನು ಹಿಂದಿನ ಸಾಲಿನಲ್ಲಿ ಕೂತು ಬೇಕಾದಷ್ಟು ಕೇಳಿದ್ದೇನೆ. ಇವತ್ತು ಮುಂದಿನ ಸಾಲಿನವರಿಗೆ, ಅಂದರೆ ನನ್ನ ವಯಸ್ಸಿನವರಿಗೆ, ಹೆಚ್ಚು ಹೇಳಬೇಕಾಗಿದೆ. ಅದಕ್ಕೆ ಮೊದಲು ಸತ್ಯವೇದದ ಒಂದು ಮೂಲೆಯಲ್ಲಿರುವ, ಪ್ರಸಂಗಗಳಲ್ಲಿ ಅಪರೂಪಕ್ಕೆ ಕೇಳಿಬರುವ ಒಂದು ಕುಟುಂಬದ ಕಥೆಯನ್ನು ನೆನಪಿಸುತ್ತೇನೆ.

ಯೆರೆಮೀಯನ ಪ್ರವಾದನೆಯ 35ನೆಯ ಅಧ್ಯಾಯದಲ್ಲಿ ರೇಕಾಬ್ಯರು ಎಂಬ ಮನೆತನದವರು ಬರುತ್ತಾರೆ. ಇವರ ಮೂಲಪುರುಷ ಯೋನಾದಾಬನು ಇಸ್ರಾಯೇಲಿನ ಅರಸನಾದ ಯೇಹುವಿನ ಕಾಲದವನು. ಅಂದರೆ ಯೆರೆಮೀಯನಿಗಿಂತ ಸುಮಾರು 240 ವರ್ಷ ಹಿಂದಿನವನು. ದ್ರಾಕ್ಷಾರಸ ಕುಡಿಯಬಾರದು, ಮನೆ ಕಟ್ಟಬಾರದು, ಬೀಜ ಬಿತ್ತಬಾರದು, ದ್ರಾಕ್ಷೆಯ ತೋಟ ಮಾಡಬಾರದು, ಜೀವಮಾನವೆಲ್ಲಾ ಗುಡಾರಗಳಲ್ಲಿಯೇ ವಾಸಿಸಬೇಕು ಎಂದು ಅವನು ತನ್ನ ಸಂತತಿಗೆ ಕಟ್ಟಳೆ ಮಾಡಿದ್ದನು. ಕಾನಾನ್ಯರ ಊರುಗಳ ಸುಖಜೀವನ, ಅದರ ಜೊತೆಗೇ ಬರುತ್ತಿದ್ದ ಬಾಳನೆಂಬ ಅವರ ದೇವತೆಯ ಪೂಜೆ, ಇವುಗಳಿಂದ ತನ್ನವರು ದೂರವಿರಲಿ ಎಂಬುದು ಅವನ ಉದ್ದೇಶವಿದ್ದಂತೆ ತೋರುತ್ತದೆ. (ಈ ಯೋನಾದಾಬನು ಯೇಹುವಿನ ರಥವನ್ನೇರಿ ಹೋಗಿ ನೋಡಿದ, ಬಾಳನ ಭಕ್ತರ ರಕ್ತಪಾತವನ್ನು ಓದಿದವರಿಗೆ, ಅವನ ಆಸಕ್ತಿಯೆಲ್ಲವೂ ಅನುಕರಣೀಯವೆಂದು ಅನ್ನಿಸಲಾರದು. ಹಿರಿಯರನ್ನು ನೆನೆಯುವಾಗ ಇದನ್ನೂ ಮರೆಯಬಾರದು.) ಎರಡು ಶತಮಾನ ಕಳೆದ ಮೇಲೆ, ಯೆಹೋಯಾಕೀಮನ ಆಳಿಕೆಯಲ್ಲಿ, ಪ್ರವಾದಿಯು ಈ ಮನೆತನದವರನ್ನು ದೇವಾಲಯದ ಒಂದು ಕೊಠಡಿಗೆ ಕರೆತಂದು, ಅವರೆದುರಿಗೆ ದ್ರಾಕ್ಷಾರಸ ತುಂಬಿದ ಪಾತ್ರೆಗಳನ್ನೂ ಬಟ್ಟಲುಗಳನ್ನೂ ಇಟ್ಟು, ಕುಡಿಯಿರಿ ಎನ್ನುತ್ತಾನೆ. ಸ್ಥಳ ದೇವರ ಆಲಯ, ಕೊಡುವವನು ದೇವರ ಪ್ರವಾದಿ. ಒಪ್ಪಿಕೊಳ್ಳಲು ಇದಕ್ಕಿಂತ ಒಳ್ಳೆಯ ನೆಪ ಯಾರಿಗೂ ಸಿಗಲಾರದು. ಅವರು ಬಟ್ಟಲನ್ನು ಮುಟ್ಟಲಿಲ್ಲ.

ಇಷ್ಟರವರೆಗೆ ಕಥೆ ನಮಗೆ ಬಹಳ ಇಷ್ಟವಾಗುತ್ತದೆ. ಆದರೆ ಅವರು ಕೊಟ್ಟ ಉತ್ತರದ ಕೊನೆಯ ಮಾತನ್ನು ನಾವು ಅವಸರದಲ್ಲಿ ಓದಿ ಮುಂದೆ ಹೋಗುತ್ತೇವೆ. ಬಾಬೆಲಿನ ಅರಸನಾದ ನೆಬೂಕದ್ನೆಚ್ಚರನು ದೇಶದ ಮೇಲೆ ದಂಡೆತ್ತಿ ಬಂದಾಗ, ಕಸ್ದೀಯರ ಸೈನ್ಯಕ್ಕೆ ಹೆದರಿ ನಾವು ಯೆರೂಸಲೇಮಿಗೆ ಬಂದೆವು, ಈಗ ಇಲ್ಲೇ ವಾಸವಾಗಿದ್ದೇವೆ ಎಂದು ಅವರು ತಾವಾಗಿಯೇ ಹೇಳುತ್ತಾರೆ. ಊರಿನ ಗೋಡೆಯ ಹೊರಗೆ ಬಯಲಿನಲ್ಲಿ ಬದುಕಬೇಕೆಂಬ ಹಿರಿಯನ ಕಟ್ಟಳೆಯನ್ನು ಅವರು ಆಗಲೇ ಬಿಟ್ಟುಕೊಟ್ಟಿದ್ದರು. ಕಾಲ ಬದಲಾಗಿತ್ತು, ಸೈನ್ಯ ಬಂದಿತ್ತು, ಮಕ್ಕಳು ಬದುಕಬೇಕಿತ್ತು. ಅವರು ಅದನ್ನು ಮುಚ್ಚಿಡಲಿಲ್ಲ, ಸಮರ್ಥನೆಗೆ ಒಂದು ಸಿದ್ಧಾಂತವನ್ನೂ ಕಟ್ಟಲಿಲ್ಲ. ಹೆದರಿ ಬಂದೆವು ಎಂದಷ್ಟೇ ಹೇಳಿದರು. ಗುಡಾರವನ್ನು ಬಿಟ್ಟರು, ಬಟ್ಟಲನ್ನು ಮುಟ್ಟಲಿಲ್ಲ. ದೇವರು ಪ್ರವಾದಿಯ ಮೂಲಕ ಹೊಗಳಿದ್ದು ಗುಡಾರ ಬಿಟ್ಟ ಈ ಜನರನ್ನೇ. ಇದೇ ಯೆರೆಮೀಯನು 29ನೆಯ ಅಧ್ಯಾಯದಲ್ಲಿ ಬಾಬೆಲಿಗೆ ಸೆರೆಹೋದವರಿಗೆ ಪತ್ರ ಬರೆದು, ಮನೆಗಳನ್ನು ಕಟ್ಟಿಕೊಳ್ಳಿರಿ, ತೋಟಗಳನ್ನು ಮಾಡಿಕೊಳ್ಳಿರಿ ಎಂದು ಹೇಳಿದವನು; 32ನೆಯ ಅಧ್ಯಾಯದಲ್ಲಿ, ಊರಿಗೆ ಮುತ್ತಿಗೆ ಬಿದ್ದಿರುವಾಗಲೇ ಬೆಳ್ಳಿ ತೂಗಿ ಕೊಟ್ಟು ಹೊಲ ಕೊಂಡವನು. ಆದುದರಿಂದ ಗುಡಾರ ಪವಿತ್ರ, ಮನೆ ಅಪವಿತ್ರ ಎಂಬುದು ಪ್ರವಾದಿಯ ಅಭಿಪ್ರಾಯವಾಗಿರಲು ಸಾಧ್ಯವಿಲ್ಲ.

ನನ್ನ ಇವತ್ತಿನ ಮಾತೆಲ್ಲವೂ ಈ ಎರಡು ವಸ್ತುಗಳ ಸುತ್ತಲೇ ಇದೆ. ಹಿರಿಯರಿಂದ ನಮಗೆ ಬಂದದ್ದರಲ್ಲಿ ಯಾವುದು ಗುಡಾರ, ಯಾವುದು ಬಟ್ಟಲು? ನಾವು ಬಹಳ ಕಾಲದಿಂದ ಗುಡಾರಗಳನ್ನು ಬಿಗಿಯಾಗಿ ಹಿಡಿದುಕೊಂಡು, ಬಟ್ಟಲುಗಳನ್ನು ಒಂದೊಂದಾಗಿ ಎತ್ತಿ ಕುಡಿಯುತ್ತಿದ್ದೇವೆ ಎಂಬುದು ನನ್ನ ಆರೋಪ. ಇದನ್ನು ದೂರದ ಉದಾಹರಣೆಗಳಿಂದ ಹೇಳದೆ ನಮ್ಮದೇ ಚರಿತ್ರೆಯಿಂದ ಹೇಳುತ್ತೇನೆ.

1834ರ ಅಕ್ಟೋಬರ್ ತಿಂಗಳಿನಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನ ಮೂವರು, ಹೆಬಿಕ್, ಲೇನರ್, ಗ್ರೈನರ್ ಎಂಬವರು, ಕಲ್ಲಿಕೋಟೆಯಲ್ಲಿ ಹಡಗಿನಿಂದಿಳಿದು ಮಂಗಳೂರಿಗೆ ಬಂದರು. ಎರಡು ವರ್ಷದ ನಂತರ ಮೋಗ್ಲಿಂಗ್ ಬಂದರು. 1843ರಲ್ಲಿ ಮಂಗಳೂರ ಸಮಾಚಾರವನ್ನು ಹೊರಡಿಸಿ ಕನ್ನಡ ಪತ್ರಿಕೋದ್ಯಮವನ್ನು ಆರಂಭಿಸಿದವರು ಇವರೇ ಎಂಬುದು ಕನ್ನಡಿಗರೆಲ್ಲರಿಗೂ ಗೊತ್ತಿದೆ. ಕಿಟ್ಟೆಲರು 1853ರಲ್ಲಿ ಬಂದರು, 1894ರಲ್ಲಿ ಅವರ ನಿಘಂಟು ಅಚ್ಚಾಯಿತು. ಪತ್ರಿಕೆ, ನಿಘಂಟು, ಹೆಂಚು, ನೇಯ್ಗೆ ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ಈ ಪಟ್ಟಿಯನ್ನು ಸರಕಾರಿ ಸಮಾರಂಭಗಳಲ್ಲಿಯೂ ಓದುತ್ತಾರೆ. ನನಗೆ ಇವತ್ತು ಬೇಕಾಗಿರುವುದು ಬಂದವರ ಕಥೆಯಲ್ಲ, ಅವರ ಮಾತು ಕೇಳಿ ಮನೆಯಿಂದ ಹೊರಬಿದ್ದ ನಮ್ಮ ಹಿರಿಯರ ಕಥೆ.

ಆ ಹಿರಿಯರಲ್ಲಿ ಬಹಳ ಜನ ಬಿಲ್ಲವರು. ಅವರಲ್ಲಿ ಅನೇಕರಿಗೆ ತಾಳೆ ಮರವೇರಿ ಶೇಂದಿ ಇಳಿಸುವುದೇ ಜೀವನೋಪಾಯವಾಗಿತ್ತು. ದೀಕ್ಷಾಸ್ನಾನ ತೆಗೆದುಕೊಂಡವನು ಆ ಕಸುಬನ್ನು ಬಿಡಬೇಕು, ಭೂತದ ಕೋಲಕ್ಕೆ ಹೋಗಬಾರದು ಎಂಬುದು ಸಭೆಯ ಶಿಸ್ತಾಗಿತ್ತು. ಕಸುಬು ಹೋಯಿತು, ಕೆಲವರಿಗೆ ಒಕ್ಕಲು ಮಾಡುತ್ತಿದ್ದ ಗದ್ದೆ ಹೋಯಿತು, ಮನೆಯವರು ಬಾಗಿಲು ಹಾಕಿದರು, ಕೆಲವರಿಗೆ ಬಾವಿಯ ನೀರೂ ತಪ್ಪಿತು. 1851ರಲ್ಲಿ ನೇಯ್ಗೆಯ ಕಾರ್ಖಾನೆ, 1865ರಲ್ಲಿ ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಪ್ಲೆಬ್ಸ್ಟ್ ಎಂಬವರ ಹೆಂಚಿನ ಕಾರ್ಖಾನೆ, ಇವೆಲ್ಲ ಹುಟ್ಟಿಕೊಂಡದ್ದಕ್ಕೆ ಹೀಗೆ ಹೊಟ್ಟೆಪಾಡು ಕಳೆದುಕೊಂಡವರಿಗೆ ಕೆಲಸ ಕೊಡಬೇಕಾದ ಅಗತ್ಯವೇ ಮುಖ್ಯ ಕಾರಣ. ಕಾರ್ಖಾನೆಯ ಯಜಮಾನನೂ ಸಭೆಯ ಯಜಮಾನನೂ ಒಬ್ಬನೇ ಆದಾಗ ಏನೇನು ತೊಂದರೆಗಳಾಗುತ್ತವೆಯೋ ಅವೆಲ್ಲವೂ ಆದವು; ಭಾನುವಾರ ತಪ್ಪಿಸಿಕೊಂಡವನಿಗೆ ಸೋಮವಾರ ಭಯವಿತ್ತು. ಅದನ್ನು ನಾನು ಸುವರ್ಣಯುಗವೆಂದು ಕರೆಯುತ್ತಿಲ್ಲ. ನಾನು ಹೇಳುವುದು ಇಷ್ಟೇ: ನಾವು ಇವತ್ತು ಹಳೆಯ ಮೌಲ್ಯ ಎನ್ನುತ್ತಿರುವುದು ಅಂದು ಊರಿಗೇ ಹೊಸದಾಗಿತ್ತು. ಅಂದಿನ ಬದಲಾಗುತ್ತಿದ್ದ ಸಮಾಜದಲ್ಲಿ ಬದಲಾದವರು ನಮ್ಮ ಹಿರಿಯರೇ. ಹಳೆಯದನ್ನು ಉಳಿಸಿಕೊಂಡವರು ಅವರನ್ನು ಮನೆಯಿಂದ ಹೊರಗೆ ಹಾಕಿದ ಅಣ್ಣತಮ್ಮಂದಿರು. ಸಂಪ್ರದಾಯ ಹಾಳಾಯಿತು, ಮಕ್ಕಳು ಕೈತಪ್ಪಿ ಹೋದರು ಎಂದು ಅವರೂ ಜಗಲಿಯಲ್ಲಿ ಕೂತು ನಮ್ಮ ಹಾಗೆಯೇ ಮಾತಾಡಿರಬೇಕು.

ಆದುದರಿಂದ ಹಳೆಯದು ಎಂಬ ಕಾರಣಕ್ಕೆ ಯಾವುದನ್ನೂ ಕ್ರೈಸ್ತವೆನ್ನುವ ಹಕ್ಕು ನಮಗಿಲ್ಲ. ನಮ್ಮ ಹಿರಿಯರು ದುಬಾರಿ ಬೆಲೆ ತೆತ್ತು ಕೊಂಡದ್ದು ಯಾವುದು ಎಂದು ಕೇಳಬೇಕು. ನನಗೆ ಮೊದಲು ಕಾಣುವುದು, ಸಭೆಯವರು ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಹಂಚಿಕೊಳ್ಳುವ ಕರ್ತನ ಭೋಜನದ ಮೇಜು.

ದಕ್ಷಿಣ ಭಾರತದ ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಹತ್ತೊಂಬತ್ತನೆಯ ಶತಮಾನದ ದೊಡ್ಡ ಜಗಳವೆಂದರೆ ಸಭೆಯೊಳಗೆ ಜಾತಿ ಇರಬಹುದೇ ಎಂಬುದು. ತಮಿಳುನಾಡಿನ ಕೆಲವು ಹಳೆಯ ಸಭೆಗಳಲ್ಲಿ ಮೇಲ್ಜಾತಿಯಿಂದ ಬಂದವರು ಬೇರೆ ಕೂರುತ್ತಿದ್ದರು, ಪಾನಪಾತ್ರೆಯನ್ನು ಮೊದಲು ಅವರಿಗೇ ಕೊಡಲಾಗುತ್ತಿತ್ತು. 1833ರಲ್ಲಿ ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ ಇದನ್ನು ನಿಲ್ಲಿಸಬೇಕೆಂದು ಪತ್ರ ಕಳುಹಿಸಿದಾಗ ತಂಜಾವೂರಿನ ಕಡೆ ಬಹಳ ಜನ ಸಭೆಯನ್ನೇ ಬಿಟ್ಟುಹೋದರು. 1850ರಲ್ಲಿ ಮದ್ರಾಸಿನ ಮಿಶನರಿಗಳ ಸಮ್ಮೇಳನವು ಇದೇ ನಿಲುವನ್ನು ಗಟ್ಟಿಯಾಗಿ ಹೇಳಿತು. ನಮ್ಮ ಕರಾವಳಿಯಲ್ಲಿ ಬಾಸೆಲ್ ಮಿಶನ್ನಿನವರು ಮೊದಲಿನಿಂದಲೂ ಈ ವಿಷಯದಲ್ಲಿ ಬಿಗಿಯಾಗಿದ್ದರು. ಸಾರಸ್ವತ ಬ್ರಾಹ್ಮಣ ಮನೆತನದ ಆನಂದರಾವ್ ಕೌಂಡಿನ್ಯರು 1844ರಲ್ಲಿ ಕ್ರೈಸ್ತರಾಗಿ, ಮುಂದೆ ಬಾಸೆಲಿನಲ್ಲಿ ಓದಿ ಬೋಧಕರಾಗಿ ಹಿಂದಿರುಗಿದರು. ಅವರೂ, ಶೇಂದಿಯ ಮರವಿಳಿದು ಬಂದವನೂ, ಊರಿನ ಬಾವಿಗೆ ಹತ್ತಿರ ಹೋಗಲಾರದ ಕುಲದಲ್ಲಿ ಹುಟ್ಟಿದವನೂ ಒಂದೇ ರೊಟ್ಟಿಯನ್ನು ಮುರಿದು ತಿನ್ನಬೇಕು, ಒಂದೇ ಪಾತ್ರೆಗೆ ತುಟಿಯಿಡಬೇಕು ಎಂಬ ಮೇಜು ಅದು. ಎಂಜಲು ಎಂಬ ಒಂದು ಪದದ ಮೇಲೆ ಇಡೀ ಸಮಾಜ ನಿಂತಿದ್ದ ಕಾಲದಲ್ಲಿ, ಒಂದೇ ಪಾತ್ರೆಯಿಂದ ಕುಡಿಯುವುದು ಎಂದರೆ ಏನು ಎಂಬುದನ್ನು, ಸಣ್ಣ ಸಣ್ಣ ಗಾಜಿನ ಲೋಟಗಳಲ್ಲಿ ಕುಡಿಯುವ ನಮಗೆ ಇಂದು ಊಹಿಸಿಕೊಳ್ಳಲೂ ಆಗದು.

ಈ ಮೌಲ್ಯವನ್ನು ನಾವು ಹೇಗೆ ಇಟ್ಟುಕೊಂಡಿದ್ದೇವೆ? ಮೇಜಿನಲ್ಲಿ ಇಟ್ಟುಕೊಂಡಿದ್ದೇವೆ, ಮದುವೆಯಲ್ಲಿ ಬಿಟ್ಟಿದ್ದೇವೆ. ನಮ್ಮ ಸಂಬಂಧದ ಮಾತುಕತೆಗಳಲ್ಲಿ ಜಾತಿ ಎಂಬ ಪದವನ್ನು ಯಾರೂ ಬಳಸುವುದಿಲ್ಲ, ಅಷ್ಟು ನಾಗರಿಕರಾಗಿದ್ದೇವೆ. "ಮೂಲ ಎಲ್ಲಿಯವರು" ಎಂದು ಕೇಳುತ್ತೇವೆ, "ಮನೆತನ ಹೇಗೆ" ಎಂದು ಕೇಳುತ್ತೇವೆ, ಮುತ್ತಜ್ಜನ ಹಳೆಯ ಹೆಸರು ಏನಿತ್ತು ಎಂದು ನಯವಾಗಿ ವಿಚಾರಿಸುತ್ತೇವೆ. ಉತ್ತರ ಸಿಕ್ಕಿದ ಮೇಲೆ, ಹುಡುಗಿಗೆ ಇನ್ನೂ ಓದುವ ಮನಸ್ಸಿದೆ ಎಂದು ಹೇಳಿ ಕಳುಹಿಸುತ್ತೇವೆ. ನಾಲ್ಕು ತಲೆಮಾರಿನ ಹಿಂದೆ ನೀರಿನಲ್ಲಿ ಮುಳುಗಿಸಿ ಬಂದದ್ದನ್ನು ಮದುವೆಯ ದಲ್ಲಾಳಿಯ ಕೈಯಿಂದ ಎತ್ತಿಸಿ ಒಣಗಿಸಿಕೊಳ್ಳುತ್ತಿದ್ದೇವೆ. ಇದೇ ಮನೆಗಳಲ್ಲಿ, ಮಗಳು ತಲೆಗೆ ಸೆರಗು ಹಾಕದೆ ಆರಾಧನೆಗೆ ಹೋದಳೆಂಬ ಕಾರಣಕ್ಕೆ ಹಳೆಯ ಮೌಲ್ಯಗಳು ಹಾಳಾದವು ಎಂಬ ದುಃಖವೂ ಇದೆ. ಕೊರಿಂಥದ ಸಭೆಯಲ್ಲಿ ಒಬ್ಬನು ಹಸಿದಿರುವಾಗ ಇನ್ನೊಬ್ಬನು ಕುಡಿದು ಮತ್ತನಾಗುವುದನ್ನು ಕಂಡು, ನೀವು ಮಾಡುತ್ತಿರುವುದು ಕರ್ತನ ಭೋಜನವೇ ಅಲ್ಲ ಎಂದು ಪೌಲನು ಬರೆದದ್ದು ಸೆರಗಿನ ಮಾತು ಬರುವ ಅದೇ ಅಧ್ಯಾಯದಲ್ಲಿ. ನಾವು ಮೊದಲ ಅರ್ಧವನ್ನು ಬಾಯಿಪಾಠ ಮಾಡಿ ಎರಡನೆಯ ಅರ್ಧಕ್ಕೆ ಬರುವಷ್ಟರಲ್ಲಿ ಪುಸ್ತಕ ಮುಚ್ಚಿಬಿಟ್ಟೆವು.

ಮದುವೆಯ ಮಾತು ಬಂದುದರಿಂದ ಇನ್ನೊಂದನ್ನು ಹೇಳಿ ಮುಗಿಸುತ್ತೇನೆ. ನಮ್ಮ ಅಜ್ಜಂದಿರ ಮದುವೆಗಳು ದೇವಾಲಯದಲ್ಲಿ ನಡೆದು, ಅಂಗಳದ ಚಪ್ಪರದಲ್ಲಿ ಊಟವಾಗಿ ಮುಗಿಯುತ್ತಿದ್ದವು. ಸಾಲ ಮಾಡಿ ಮದುವೆ ಮಾಡುವುದನ್ನು ಆಗಿನ ಹಿರಿಯರು ನಾಚಿಕೆಯ ವಿಷಯವೆಂದು ಭಾವಿಸುತ್ತಿದ್ದರು. ಈಗ ಸಭಾಂಗಣದ ಬಾಡಿಗೆ, ಹೂವಿನ ಕಮಾನು, ಡ್ರೋನ್ ಕ್ಯಾಮೆರಾ, ಟೋಸ್ಟ್ ಎತ್ತಲು ಬೆಂಗಳೂರಿನಿಂದ ಕರೆಸಿದ ನಿರೂಪಕ, ಇವುಗಳ ನಡುವೆ ವಚನ ಓದುವುದಕ್ಕೆ ಸಿಗುವ ಸಮಯ ಕೇಕು ಕತ್ತರಿಸುವುದಕ್ಕೆ ಸಿಗುವ ಸಮಯಕ್ಕಿಂತ ಕಡಿಮೆ. ಇದೆಲ್ಲವೂ ಅವರವರ ಖುಷಿ ಎಂದು ಬಿಡಬಹುದಿತ್ತು. ಆದರೆ ಇದರ ಹಿಂದೆ ಹೆಣ್ಣಿನ ತಂದೆಯ ಸಾಲವಿದೆ. ವರದಕ್ಷಿಣೆಯನ್ನು ನಿಷೇಧಿಸುವ ಕಾನೂನು 1961ರಲ್ಲಿಯೇ ಬಂದಿದೆ. ನಾವು ವರದಕ್ಷಿಣೆ ಕೇಳುವುದಿಲ್ಲ, ನಿಮ್ಮ ಮಗಳಿಗೆ ನೀವು ಇಷ್ಟಪಟ್ಟು ಏನು ಕೊಡುತ್ತೀರೋ ಕೊಡಿ ಎನ್ನುತ್ತೇವೆ. ನಿಮ್ಮ ಮಾತು ಹೌದೆಂದರೆ ಹೌದು, ಅಲ್ಲವೆಂದರೆ ಅಲ್ಲ ಎಂದಿರಲಿ ಎಂದು ಬೆಟ್ಟದ ಮೇಲೆ ಕಲಿಸಿದವನ ಶಿಷ್ಯರು, ಇಷ್ಟಪಟ್ಟು ಎಂಬ ಒಂದು ಪದದೊಳಗೆ ಹೌದು ಅಲ್ಲಗಳೆರಡನ್ನೂ ಅಡಗಿಸಲು ಕಲಿತಿದ್ದೇವೆ.

ಹಳೆಯದೆಲ್ಲ ಚಿನ್ನವಾಗಿರಲಿಲ್ಲ ಎಂಬುದಕ್ಕೂ ಹೆಂಗಸರ ವಿಷಯವೇ ಸಾಕ್ಷಿ. ಕ್ರೈಸ್ತರಿಗೆ ಅನ್ವಯಿಸುವ ವಿಚ್ಛೇದನದ ಕಾನೂನು 1869ರದ್ದು. ಅದರ ಪ್ರಕಾರ ಹೆಂಡತಿ ವ್ಯಭಿಚಾರ ಮಾಡಿದಳೆಂದು ತೋರಿಸಿದರೆ ಗಂಡನಿಗೆ ಬಿಡುಗಡೆ ಸಿಗುತ್ತಿತ್ತು. ಹೆಂಡತಿಗಾದರೋ ಗಂಡನ ವ್ಯಭಿಚಾರವೊಂದೇ ಸಾಲುತ್ತಿರಲಿಲ್ಲ, ಅದರ ಜೊತೆಗೆ ಕ್ರೌರ್ಯವನ್ನೋ ಎರಡು ವರ್ಷ ಬಿಟ್ಟುಹೋದದ್ದನ್ನೋ ರುಜುವಾತು ಮಾಡಬೇಕಿತ್ತು. ಈ ಭೇದ ಹೋದದ್ದು 2001ರಲ್ಲಿ. ನೂರ ಮೂವತ್ತೆರಡು ವರ್ಷ ನಾವು ಇದನ್ನು ಕುಟುಂಬದ ಪಾವಿತ್ರ್ಯ ಎಂಬ ಹೆಸರಿನಲ್ಲಿ ಸಹಿಸಿಕೊಂಡಿದ್ದೆವು. ನಮ್ಮ ನೆರೆಯ ಕೇರಳದಲ್ಲಿ, ತಿರುವಾಂಕೂರಿನ 1916ರ ಕಾನೂನಿನಂತೆ, ಉಯಿಲು ಬರೆಯದೆ ತೀರಿಹೋದ ಕ್ರೈಸ್ತನ ಮಗಳಿಗೆ ಮಗನ ಪಾಲಿನ ಕಾಲು ಭಾಗ ಇಲ್ಲವೇ 5000 ರೂಪಾಯಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು ಸಲ್ಲುತ್ತಿತ್ತು. ಮೇರಿ ರಾಯ್ ಎಂಬ ಮಹಿಳೆ ಸುಪ್ರೀಂ ಕೋರ್ಟಿನವರೆಗೆ ಹೋಗಿ 1986ರಲ್ಲಿ ತೀರ್ಪು ಪಡೆದ ಮೇಲೆಯೇ ಅದು ಹೋಯಿತು. ಇಲ್ಲಿ ಬದಲಾದ ಸಮಾಜವು ಸಭೆಗೆ ಪಾಠ ಹೇಳಿತು, ಸಭೆ ಒಲ್ಲದ ಮನಸ್ಸಿನಿಂದ ಕೇಳಿತು. ಸತ್ಯವೇದವನ್ನು ಕೈಯಲ್ಲಿ ಹಿಡಿದವರು ನ್ಯಾಯಾಲಯದಿಂದ ಇದನ್ನು ಕಲಿಯಬೇಕಾಗಿ ಬಂದದ್ದು ನಮಗೆ ಗೌರವದ ಸಂಗತಿಯಲ್ಲ. ಇದು ಬೇಗ ಸುಟ್ಟುಹಾಕಬೇಕಾಗಿದ್ದ ಗುಡಾರ.

ಇನ್ನು ಭಾನುವಾರದ ವಿಷಯ. ಇಲ್ಲಿ ಗುಡಾರ ಮತ್ತು ಬಟ್ಟಲನ್ನು ಬೇರೆ ಮಾಡುವುದು ಸ್ವಲ್ಪ ಕಷ್ಟ, ಆದುದರಿಂದ ನಿಧಾನವಾಗಿ ಹೇಳುತ್ತೇನೆ. ನನ್ನ ಬಾಲ್ಯದಲ್ಲಿ ಭಾನುವಾರ ನಮ್ಮ ಮನೆಯಲ್ಲಿ ಬಟ್ಟೆ ಒಗೆಯುತ್ತಿರಲಿಲ್ಲ, ತೆಂಗಿನಕಾಯಿ ಕೀಳಿಸುತ್ತಿರಲಿಲ್ಲ, ಪೇಟೆಗೆ ಹೋಗುತ್ತಿರಲಿಲ್ಲ. ಮೀನಿನವಳು ಆ ದಿನ ನಮ್ಮ ಗೇಟಿನ ಮುಂದೆ ಕೂಗದೆ ಹೋಗುತ್ತಿದ್ದಳು. ಮಕ್ಕಳಿಗೆ ಅದು ಬೇಸರದ ದಿನವಾಗಿತ್ತೆಂದು ಒಪ್ಪಿಕೊಳ್ಳುತ್ತೇನೆ. ಮಧ್ಯಾಹ್ನ ಮೂರರಿಂದ ಐದರವರೆಗಿನ ಆ ಮೌನವನ್ನು ನಾನು ಆಗ ದ್ವೇಷಿಸುತ್ತಿದ್ದೆ. ಆದರೆ ಕೆಲಸದ ಹೆಂಗಸಿಗೂ ಆ ದಿನ ರಜೆಯಿತ್ತು, ನಮ್ಮ ತಾಯಿ ಆ ಒಂದು ದಿನ ಮಾತ್ರ ಊಟವಾದ ಮೇಲೆ ಮಲಗುತ್ತಿದ್ದರು ಎಂಬುದು ನನಗೆ ಅರ್ಥವಾಗಲು ಬಹಳ ವರ್ಷ ಬೇಕಾಯಿತು. ಧರ್ಮೋಪದೇಶಕಾಂಡದಲ್ಲಿ ಸಬ್ಬತ್ತಿನ, ಅಂದರೆ ವಾರದ ವಿಶ್ರಾಂತಿಯ ದಿನದ, ಆಜ್ಞೆಗೆ ಕೊಟ್ಟಿರುವ ಕಾರಣವೇ ಅದು: ನಿನ್ನ ದಾಸನೂ ದಾಸಿಯೂ ನಿನ್ನಂತೆಯೇ ವಿಶ್ರಮಿಸಿಕೊಳ್ಳಬೇಕು, ನೀನೂ ಐಗುಪ್ತದಲ್ಲಿ ದಾಸನಾಗಿದ್ದಿ ಎಂಬುದನ್ನು ನೆನಪಿಗೆ ತಂದುಕೋ.

ಈಗ ನಮ್ಮ ಸಭೆಯ ಯುವಕರನ್ನು ನೋಡಿರಿ. ಬೆಂಗಳೂರಿನಲ್ಲಿರುವವರು ಅಮೆರಿಕದ ಗಡಿಯಾರಕ್ಕೆ ಕೆಲಸ ಮಾಡುತ್ತಾರೆ. ಅವರ ಶುಕ್ರವಾರ ಮುಗಿಯುವುದು ಶನಿವಾರದ ಬೆಳಗಿನ ಜಾವ. ನರ್ಸುಗಳಾಗಿರುವ ನಮ್ಮ ಹೆಣ್ಣುಮಕ್ಕಳಿಗೆ ವಾರದ ಯಾವ ದಿನ ಬಿಡುವೆಂಬುದನ್ನು ಆಸ್ಪತ್ರೆಯ ಪಟ್ಟಿ ನಿರ್ಧರಿಸುತ್ತದೆ. ಕುವೈತಿನಲ್ಲಿರುವವರು ದಶಕಗಳಿಂದ ಶುಕ್ರವಾರ ಆರಾಧನೆ ಮಾಡುತ್ತಿದ್ದಾರೆ, ಯಾಕೆಂದರೆ ಆ ದೇಶದ ರಜಾದಿನ ಅದು. ದುಬೈಯಲ್ಲಿಯೂ ಹಾಗೆಯೇ ಇತ್ತು. 2022ರ ಜನವರಿಯಲ್ಲಿ ಅಲ್ಲಿನ ಸರಕಾರ ವಾರದ ರಜೆಯನ್ನು ಶನಿವಾರ ಭಾನುವಾರಕ್ಕೆ ಬದಲಾಯಿಸಿದಾಗ, ಶುಕ್ರವಾರಕ್ಕೇ ಒಗ್ಗಿಹೋಗಿದ್ದ ಕೆಲವು ಹಿರಿಯರಿಗೆ ಭಾನುವಾರ ಆರಾಧನೆಗೆ ಹೋಗುವುದು ಏನೋ ಹೊಸ ಪದ್ಧತಿಯಂತೆ ಕಂಡಿತೆಂದು ನನ್ನ ಬಂಧುವೊಬ್ಬರು ನಗುತ್ತಾ ಹೇಳಿದರು. ಇವರಲ್ಲಿ ಯಾರನ್ನೂ ಭಾನುವಾರ ಮುರಿದವರೆಂದು ನಾನು ಕರೆಯಲಾರೆ. ಯಾವ ದಿನ ಎಂಬುದು ಗುಡಾರ. ಸೈನ್ಯ ಬಂದಾಗ ಅದನ್ನು ಬಿಚ್ಚಿ ಮಡಚಿ ಒಳಗೆ ಹೋಗಬೇಕಾಗುತ್ತದೆ. ಸಬ್ಬತ್ತು ಮನುಷ್ಯನಿಗಾಗಿ ಇದೆ ಎಂದು ಯೇಸು ಹೇಳಿದ್ದನ್ನು ಈ ಮಕ್ಕಳಿಗೆ ಧಾರಾಳವಾಗಿ ಅನ್ವಯಿಸೋಣ.

ಆದರೆ ಒಂದು ದಿನವಾದರೂ ಸಂಪಾದನೆಯನ್ನು ನಿಲ್ಲಿಸುವುದು, ನಿಲ್ಲಿಸಿ ಸಭೆಯಾಗಿ ಕೂಡಿಬರುವುದು, ನಮಗಾಗಿ ದುಡಿಯುವವರಿಗೂ ಆ ಬಿಡುವನ್ನು ಕೊಡುವುದು ಗುಡಾರವಲ್ಲ. ಈ ವಿಷಯದಲ್ಲಿ ತಪ್ಪಿದವರು ರಾತ್ರಿಪಾಳಿಯ ಮಕ್ಕಳಿಗಿಂತ ಹೆಚ್ಚಾಗಿ, ಭಾನುವಾರ ಎಂಟು ಗಂಟೆಗೆ ಸರಿಯಾಗಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮೊದಲ ಬೆಂಚಿನಲ್ಲಿ ಕೂರುವ ನಾವು. ನಮ್ಮ ಅಂಗಡಿಯ ಹುಡುಗನಿಗೆ ಭಾನುವಾರ ರಜೆಯಿದೆಯೇ? ನಮ್ಮ ಮನೆಯಲ್ಲಿ ಅಡುಗೆಗೆ ಬರುವಾಕೆ, ನಾವು ಸಭೆಯಿಂದ ಬರುವಷ್ಟರಲ್ಲಿ ಹಬ್ಬದೂಟ ತಯಾರಿಸಿ ಇಟ್ಟಿರಬೇಕಲ್ಲವೇ? ಪ್ರಸಂಗ ಹತ್ತು ನಿಮಿಷ ಹೆಚ್ಚಾದರೆ ನಾವು ಗಡಿಯಾರ ನೋಡುವುದೂ ಅದೇ ಊಟದ ನೆನಪಿನಲ್ಲಿ. ಭಾನುವಾರವನ್ನು ಇಷ್ಟು ಚೆನ್ನಾಗಿ ಆಚರಿಸಲು ನಮಗೆ ಇನ್ನೊಬ್ಬರ ಭಾನುವಾರ ಬೇಕಾಗುತ್ತದೆ.

ಸಂಗೀತದ ಜಗಳವನ್ನು ಎರಡೇ ಮಾತಿನಲ್ಲಿ ದಾಟುತ್ತೇನೆ, ಯಾಕೆಂದರೆ ಅದಕ್ಕೆ ನಾವು ಈಗಾಗಲೇ ಬೇಕಾದುದಕ್ಕಿಂತ ಹೆಚ್ಚು ಸಮಯ ಕೊಟ್ಟಿದ್ದೇವೆ. ಗಿಟಾರು ಬಂದು ನಮ್ಮ ಹಳೆಯ ರಾಗಗಳನ್ನು ಓಡಿಸಿತು ಎನ್ನುವವರು, ಆ ರಾಗಗಳಲ್ಲಿ ಅನೇಕವು ಜರ್ಮನಿಯಿಂದ ಹಡಗಿನಲ್ಲಿ ಬಂದವು, ಪಾಡ್ದನ ಕೇಳಿ ಬೆಳೆದಿದ್ದ ತುಳು ಕಿವಿಗಳಿಗೆ ಅವು ಎಷ್ಟು ವಿಚಿತ್ರವಾಗಿ ಕೇಳಿಸಿರಬೇಕು ಎಂಬುದನ್ನು ಯೋಚಿಸಲಿ. ಕಿಟ್ಟೆಲರು 1862ರಲ್ಲಿಯೇ ಕ್ರಿಸ್ತನ ಚರಿತ್ರೆಯನ್ನು ನಮ್ಮ ಛಂದಸ್ಸಿನಲ್ಲಿ, ಕಥಾಮಾಲೆ ಎಂಬ ಹೆಸರಿನಲ್ಲಿ, ಬರೆದುಕೊಟ್ಟಿದ್ದರು. ಹೊರಗಿನವರು ನಮ್ಮ ಷಟ್ಪದಿಯನ್ನು ಕಲಿತರು, ನಾವು ಅವರ ಕೋರಲ್ ಎಂಬ ಸ್ತೋತ್ರಗೀತೆಯನ್ನು ಸನಾತನವೆಂದು ನಂಬಿದೆವು.

ಕೊನೆಯದಾಗಿ, ಈ ಕೂಟದಲ್ಲಿರುವ ಬಹುಪಾಲು ಮನೆಗಳಿಗೆ ತಾಗುವ ಒಂದು ವಿಷಯ. ಉಡುಪಿ, ಮಂಗಳೂರು, ಕುಂದಾಪುರದ ಕಡೆ ದೊಡ್ಡ ಮನೆ, ಟೈಲ್ಸ್ ಹಾಕಿದ ಜಗಲಿ, ನಾಯಿ, ಸಿಸಿಟಿವಿ ಕ್ಯಾಮೆರಾ, ಒಳಗೆ ಇಬ್ಬರು ಇಲ್ಲವೇ ಒಬ್ಬರು ವೃದ್ಧರು ಎಂಬ ದೃಶ್ಯ ನಮಗೆ ಅಪರಿಚಿತವಲ್ಲ. ಮಕ್ಕಳು ಹೊರದೇಶದಲ್ಲಿದ್ದಾರೆ. ಹೋದದ್ದು ತಪ್ಪೆಂದು ನಾನು ಹೇಳುವುದಿಲ್ಲ. ಕಳುಹಿಸಿದವರು ನಾವೇ, ಕಳುಹಿಸಲು ಸಾಲ ಮಾಡಿದವರೂ ನಾವೇ, ಮಗ ಕೆನಡಾದಲ್ಲಿದ್ದಾನೆ ಎಂದು ಸಭೆಯ ಅಂಗಳದಲ್ಲಿ ದೊಡ್ಡ ದನಿಯಲ್ಲಿ ಹೇಳಿದವರೂ ನಾವೇ. ಆದರೆ ತಂದೆತಾಯಿಗಳನ್ನು ಸನ್ಮಾನಿಸು ಎಂಬ ಆಜ್ಞೆಗೆ ಯೇಸು ಕೊಟ್ಟ ವಿವರಣೆಯನ್ನು ಮಾರ್ಕನ ಸುವಾರ್ತೆಯ 7ನೆಯ ಅಧ್ಯಾಯದಲ್ಲಿ ಓದಿದರೆ ಮೈ ಜುಮ್ಮೆನ್ನುತ್ತದೆ. ತಂದೆತಾಯಿಗಳಿಗೆ ಸಲ್ಲಬೇಕಾದುದನ್ನು ಕೊರ್ಬಾನ್, ಅಂದರೆ ದೇವರಿಗೆ ಕೊಟ್ಟದ್ದು, ಎಂದು ಹೇಳಿಬಿಟ್ಟರೆ ಸಾಕು, ಮಗನ ಹೊಣೆ ಮುಗಿಯಿತು ಎಂಬ ಸಂಪ್ರದಾಯವೊಂದು ಆಗ ಇತ್ತು. ಹಿರಿಯರ ಸಂಪ್ರದಾಯವನ್ನು ಹಿಡಿದುಕೊಂಡು ದೇವರ ಆಜ್ಞೆಯನ್ನು ಬಿಟ್ಟಿರಿ ಎಂದು ಆತನು ಗದರಿಸಿದ್ದು ಆ ಸಂದರ್ಭದಲ್ಲಿಯೇ. ದೇವಾಲಯದ ಹೊಸ ಕಿಟಕಿಗೆ, ಗಂಟೆಗೆ, ಮೈಕಿಗೆ ಹೊರದೇಶದಿಂದ ಉದಾರವಾಗಿ ಕಾಣಿಕೆ ಬರುತ್ತದೆ, ದಾನಿಯ ಹೆಸರು ಕಲ್ಲಿನಲ್ಲಿ ಕೆತ್ತಲ್ಪಡುತ್ತದೆ. ಆ ದಾನಿಯ ತಾಯಿ ಎರಡು ಮನೆಗಳಾಚೆ, ಸಂಬಳಕ್ಕೆ ಬಂದ ಹುಡುಗಿಯ ಕೈಯಿಂದ ಗಂಜಿ ಕುಡಿಯುತ್ತಾ ಇರುತ್ತಾರೆ. ಸಭೆಯವರಾದ ನಾವು ಕಿಟಕಿಯನ್ನು ಪ್ರತಿಷ್ಠೆ ಮಾಡಿ ಚಹಾ ಕುಡಿದು ಬರುತ್ತೇವೆ. ಅವರಲ್ಲಿಗೆ ಯಾರು ಹೋದರು? ಮಗ ದೂರವಿದ್ದಾನೆ, ಸಭೆ ಹತ್ತಿರವಿದೆ. ಯಾಕೋಬನು ಶುದ್ಧವಾದ ಭಕ್ತಿ ಯಾವುದೆಂದು ಬರೆಯುವಾಗ ವಿಧವೆಯರ ಮನೆಗೆ ಹೋಗುವುದನ್ನು ಹೆಸರಿಸಿದ್ದಾನೆ, ಕಿಟಕಿಗಳನ್ನು ಹೆಸರಿಸಿಲ್ಲ.

ಉಪನ್ಯಾಸ ಇಲ್ಲಿಗೆ ಮುಗಿದಿತ್ತು. ಪ್ರಶ್ನೆಗಳಿಗೆ ಸಮಯ ಕೊಟ್ಟಾಗ ಹಿಂದಿನ ಸಾಲಿನಿಂದ ಒಬ್ಬ ಯುವತಿ ಎದ್ದು ನಿಂತು, ಸ್ವಲ್ಪವೂ ಅಳುಕದೆ, "ನಿಮ್ಮ ಮನೆಯಲ್ಲಿ ದಿನಾಲೂ ಮನೆ ಪ್ರಾರ್ಥನೆ ನಡೆಯುತ್ತದೆಯೇ?" ಎಂದು ಕೇಳಿದಳು. ಸಭೆಯಲ್ಲಿ ಸಣ್ಣ ನಗು ಎದ್ದಿತು. ಹೌದೆಂದರೆ ಹೌದು, ಅಲ್ಲವೆಂದರೆ ಅಲ್ಲ ಎಂದು ಆಗ ತಾನೇ ಹೇಳಿದ್ದೆನಾದುದರಿಂದ ನನಗೆ ತಪ್ಪಿಸಿಕೊಳ್ಳುವ ದಾರಿಯಿರಲಿಲ್ಲ. ದಿನಾಲೂ ನಡೆಯುವುದಿಲ್ಲ ಎಂದೆ. ನನ್ನ ತಂದೆಯ ಕಾಲದಲ್ಲಿ ರಾತ್ರಿ ಎಂಟಕ್ಕೆ ಸರಿಯಾಗಿ, ಚಾಪೆಯ ಮೇಲೆ, ದೀಪದ ಸುತ್ತ, ಒಂದು ದಿನವೂ ತಪ್ಪದೆ ನಡೆಯುತ್ತಿತ್ತು. ಈಗ ವಾರಕ್ಕೆ ಮೂರು ದಿನ, ಮಗಳ ಪಾಳಿ ಮುಗಿದ ಮೇಲೆ ಅವಳು ಕರೆ ಮಾಡಿದಾಗ, ಅದು ರಾತ್ರಿ ಒಂಬತ್ತೂವರೆಯಾಗಿರಬಹುದು ಹನ್ನೊಂದಾಗಿರಬಹುದು, ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟು, ಒಂದು ಕೀರ್ತನೆ ಓದಿ ಪ್ರಾರ್ಥಿಸುತ್ತೇವೆ. ಉಳಿದ ನಾಲ್ಕು ದಿನ ನಾನೂ ನನ್ನ ಹೆಂಡತಿಯೂ ಟಿವಿ ನೋಡುತ್ತಾ ನಿದ್ದೆ ಹೋಗುತ್ತೇವೆ. ಚಾಪೆ ಮತ್ತು ದೀಪವನ್ನು ಬಿಟ್ಟದ್ದಕ್ಕೆ ನನಗೆ ದುಃಖವಿಲ್ಲ, ಆ ನಾಲ್ಕು ದಿನದ ಬಗ್ಗೆ ಇದೆ ಎಂದು ಹೇಳಿದೆ. ಅವಳು "ನಮ್ಮ ಮನೆಯಲ್ಲಿ ಎರಡು ದಿನ" ಎಂದು ಹೇಳಿ ಕೂತಳು.